ಅತ್ತಿಗೆ ಮನೆಗೆ ಬಂದ ಆಟದ ಪೆಟ್ಟಿಗೆ

ನಲವತ್ತು ದಾಟಿದ ಮೇಲೆ ನಾನು ವಿಡಿಯೋ ಗೇಮಿನ ಪೆಟ್ಟಿಗೆ ಕಟ್ಟಲು ಹೊರಟಾಗ, ಮಡಿಕೇರಿಯಲ್ಲಿ ನನ್ನ ಗುರುತಿನವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಯಾರಿಗೆ?" ಶಾಲೆಗಾ, ಯಾವುದಾದರೂ ಹೋಂಸ್ಟೇಗಾ, ಬಳಗದ ಮಕ್ಕಳಿಗಾ? "ನನಗೆ" ಎಂದರೆ ನಕ್ಕು, ನಿಜವಾದ ಉತ್ತರಕ್ಕೆ ಕಾಯುತ್ತಿದ್ದರು. ನನ್ನ ಬಳಿ ಬೇರೆ ಉತ್ತರ ಇರಲಿಲ್ಲ. ಮದುವೆಯಾಗದ, ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ, ಅರ್ಚಕರ ಮನೆಯ ಹೆಂಗಸು ತನಗಾಗಿ ಒಂದು ಸೀರೆ ಕೊಂಡರೆ ಯಾರೂ ಕಾರಣ ಕೇಳುವುದಿಲ್ಲ. ಆಟದ ಪೆಟ್ಟಿಗೆ ಕೊಂಡರೆ ಊರಿಗೇ ಕಾರಣ ಬೇಕು.

ಕಾರಣ ಇತ್ತು, ಆದರೆ ಕೇಳಿದವರಿಗೆಲ್ಲ ಹೇಳುವಂಥದ್ದಲ್ಲ. ನಮ್ಮ ಅಪ್ಪ ಮಡಿಕೇರಿಯಿಂದ ಸ್ವಲ್ಪ ದೂರದ ಹಳ್ಳಿಯ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದರು. ನಾನೂ ಅಣ್ಣನೂ ಪಟ್ಟಣದ ಶಾಲೆಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಸಂಜೆಯ ಬಸ್ಸಿಗೆ ಕಾಯುವಾಗ ಅಣ್ಣ ಬಸ್‌ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿಗೆ ನುಗ್ಗುತ್ತಿದ್ದ. ನಾನು ಎರಡು ಚೀಲ ಹಿಡಿದುಕೊಂಡು ಹೊರಗೆ ನಿಲ್ಲುತ್ತಿದ್ದೆ. ಒಂದು ದಿನ ಪರದೆ ಸರಿಸಿ ಒಳಗೆ ಕಾಲಿಟ್ಟಾಗ ಅಂಗಡಿಯವ, "ಹೆಣ್ಮಕ್ಕಳಿಗೆ ಇಲ್ಲ, ಹೊರಗೆ ನಿಲ್ಲು ಮಗಾ" ಎಂದ. ಬೈದು ಹೇಳಿದ್ದಲ್ಲ. ಇವತ್ತು ಸೀಮೆಎಣ್ಣೆ ಇಲ್ಲ ಎನ್ನುವಷ್ಟೇ ಸಲೀಸಾಗಿ ಹೇಳಿದ. ಆ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಒಳಗಿನ ಯಂತ್ರಗಳ ಸದ್ದು ಮಾತ್ರ ನನಗೆ ಗೊತ್ತು. ಪರದೆಯಾಚೆ ಏನು ನಡೆಯುತ್ತಿತ್ತೆಂದು ಗೊತ್ತಿಲ್ಲ.

ಪರದೆ, ಬಟನ್ ಎಲ್ಲ ಒಂದೇ ಮರದ ಚೌಕಟ್ಟಿನಲ್ಲಿ ಕೂಡಿಸಿದ ಇಂಥ ಪೆಟ್ಟಿಗೆಯ ಜೀವ ಅದರೊಳಗಿನ ಬೋರ್ಡು. ಹಿಂದೆ ಒಂದು ಯಂತ್ರಕ್ಕೆ ಒಂದು ಬೋರ್ಡು, ಅದರಲ್ಲಿ ಒಂದೇ ಆಟ. ಈಗ ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಸಿರು ತಗಡಿನಂಥ ಬೋರ್ಡಿನಲ್ಲಿ ನೂರಾರು ಆಟ ತುಂಬಿ ಮಾರುತ್ತಾರೆ. ಅದರ ಒಂದು ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಪಟ್ಟಿಗಳಿರುತ್ತವೆ. ಆ ಅಂಚಿಗೆ ಒಂದು ಉದ್ದನೆಯ ಕನೆಕ್ಟರ್ ಸಿಕ್ಕಿಸಿದರೆ, ಅದರಿಂದ ಹೊರಟ ವೈರುಗಳು ಬಟನ್, ಜಾಯ್‌ಸ್ಟಿಕ್, ಸ್ಪೀಕರ್, ಕರೆಂಟು ಎಲ್ಲವನ್ನೂ ಸೇರಿಸುತ್ತವೆ. ಕನೆಕ್ಟರನ್ನು ತಿರುವುಮುರುವು ಸಿಕ್ಕಿಸಿ ಸ್ವಿಚ್ ಹಾಕಿದರೆ ಬೋರ್ಡು ಸುಟ್ಟುಹೋಗುತ್ತದೆ. ಇಷ್ಟನ್ನು ಓದಿ ತಿಳಿದುಕೊಂಡೇ ನಾನು ಮೊದಲ ಬೋರ್ಡಿಗೆ ಆನ್‌ಲೈನಿನಲ್ಲಿ ಆರ್ಡರ್ ಹಾಕಿದೆ.

ಬಂದ ಬೋರ್ಡು ಒಂದು ಮೋಸ. ಡಬ್ಬದ ಮೇಲೆ ಸಾವಿರಗಟ್ಟಲೆ ಆಟ ಎಂದು ಬರೆದಿತ್ತು. ಹಳೆಯ ಮಾನಿಟರಿಗೆ ಜೋಡಿಸಿ ನೋಡಿದರೆ ಅದೇ ಆಟ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿತ್ತು. ಮದುವೆ ಮನೆಯಲ್ಲಿ ಪಂಕ್ತಿ ಬದಲಿಸಿ ಎರಡೆರಡು ಸಲ ಉಣ್ಣುವವರ ಹಾಗೆ. ಉಳಿದವುಗಳಲ್ಲಿ ಬಹಳಷ್ಟು ಇಸ್ಪೀಟು, ಜೂಜು, ಬಟ್ಟೆ ಬಿಚ್ಚುವ ಹುಡುಗಿಯರ ಚಿತ್ರ. ಅವನ್ನು ತೆಗೆದುಹಾಕಲು ನೋಡಿದೆ. ಬೋರ್ಡು ಬೀಗ ಹಾಕಿದ ಹಾಗಿತ್ತು, ಏನನ್ನೂ ಸೇರಿಸಲೂ ಆಗದು, ತೆಗೆಯಲೂ ಆಗದು. ವಾಪಸ್ ಕಳಿಸಲು ಫೋನು ಮಾಡಿದರೆ ಮಾರಿದವ ಎತ್ತಲೇ ಇಲ್ಲ. ಆ ಬೋರ್ಡನ್ನು ಗೋಡೆಯ ಮೊಳೆಗೆ ನೇತುಹಾಕಿ, ದಸರಾ ರಜೆಯಲ್ಲಿ ಬೆಂಗಳೂರಿನ ಬಸ್ಸು ಹತ್ತಿದೆ.

ಎಲೆಕ್ಟ್ರಾನಿಕ್ ಸಾಮಾನು ಮಾರುವ ಬೀದಿಯಲ್ಲಿ ವಿಚಾರಿಸುತ್ತಾ ಹೋಗಿ, ಮೆಟ್ಟಿಲ ಕೆಳಗಿನ ಒಂದು ಕಿರಿದಾದ ಅಂಗಡಿಗೆ ಮುಟ್ಟಿದೆ. ಬಟನ್‌ಗಳು ಬಣ್ಣಬಣ್ಣದ ಲಾಡುಗಳ ಹಾಗೆ ಡಬ್ಬಗಳಲ್ಲಿ ತುಂಬಿದ್ದವು. ನನಗೆ ಬೇಕಾದದ್ದು ಹೇಳಿದೆ: ಮೆಮೊರಿ ಕಾರ್ಡ್ ಹೊರಗೆ ತೆಗೆಯಲು ಬರಬೇಕು, ಆಟಗಳ ಪಟ್ಟಿ ನಾನೇ ತಿದ್ದಬೇಕು, ನಾನು ಬರೆದ ಪ್ರೋಗ್ರಾಂ ಅದರಲ್ಲಿ ಓಡಬೇಕು. ಅಂಗಡಿಯವರು ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದರು: "ಮೇಡಂ, ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ. ಅವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ."

"ಮನೇಲಿರೋದು ನಾನೊಬ್ಳೇ," ಎಂದೆ. "ಹಾಗಾಗಿ ಮನೆಯವರು ಬಂದಾಗಿದೆ. ಹೇಳಿ."

ಪಕ್ಕದಲ್ಲಿ ಬೆಸುಗೆ ಹಾಕುತ್ತಿದ್ದವನು ತಲೆ ಎತ್ತಿ ನೋಡಿದ. ಅಂಗಡಿಯವರು ಒಂದು ಬೋರ್ಡು ತೆಗೆದು ಕೌಂಟರಿನ ಮೇಲಿಟ್ಟರು. ನಾನು ಅದನ್ನು ಅಲ್ಲೇ ಸ್ವಿಚ್ ಹಾಕಿ ತೋರಿಸಲು ಹೇಳಿದೆ. ಬಿಲ್ ಆದಮೇಲೆ ತೋರಿಸುತ್ತೇನೆಂದರು. ನಾನು ಕೈಚೀಲವನ್ನು ಸ್ಟೂಲಿನ ಮೇಲಿಟ್ಟು ನಿಂತೇ ಇದ್ದೆ. ಹಿಂದೆ ಗಿರಾಕಿಗಳು ಸೇರತೊಡಗಿದರು. ಕೊನೆಗೆ ತೋರಿಸಿದರು. ಕಾರ್ಡ್ ತೆಗೆದೆ, ನನ್ನ ಲ್ಯಾಪ್‌ಟಾಪಿಗೆ ಹಾಕಿ, ಪಟ್ಟಿಯಿಂದ ಒಂದು ಆಟದ ಹೆಸರು ಅಳಿಸಿ, ಮತ್ತೆ ಬೋರ್ಡಿಗೆ ಹಾಕಿದೆ. ಆ ಆಟ ಮಾಯವಾಗಿತ್ತು. "ಇದು ಕೊಡಿ" ಎಂದೆ. ಅಂಗಡಿಯವರು ಆಮೇಲೆ ಚಹಾ ತರಿಸಿದರು. ಕುಡಿಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು ಎಂಬುದು ಅರ್ಧ ಕಾರಣ.

ಪೆಟ್ಟಿಗೆ ಮಾಡಿಕೊಟ್ಟವರು ನಮ್ಮ ಬೀದಿಯ ಕೆಳಗಿನ ತಿರುವಿನಲ್ಲಿರುವ ಮಲಯಾಳಿ ಆಚಾರಿ. ಅಳತೆ ಬರೆದ ಕಾಗದ ನೋಡಿ, "ಟೀಚರೇ, ಇದೆಂತ? ಅಲಮಾರ ಅಂದ್ರೆ ಬಾಗಿಲಿಲ್ಲ, ದೇವರ ಮಂಟಪ ಅಂದ್ರೆ ಓರೆ ಉಂಟು" ಎಂದರು. ಎಸ್ಟೇಟಿನಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕಿನ ಹಲಗೆಯಲ್ಲಿ ಚೌಕಟ್ಟು ಮಾಡಿ, ಪ್ಲೈವುಡ್ ಹೊಡೆದರು. ನಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಬೋರ್ಡಿಗೆ ಬಾರದೇ ಇರುತ್ತದೆಯೇ? ಅದಕ್ಕಾಗಿ ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ಬಲ್ಬು ಇಟ್ಟು, ಅದರ ಬಿಸಿಗೆ ತೇವ ಆರಲೆಂದು ಸದಾ ಉರಿಯುವ ಹಾಗೆ ಮಾಡಿದೆ. ಬಟನ್ ಒಂದೊಂದಕ್ಕೂ ವೈರು ಎಳೆಯುವ ಕೆಲಸ ಭಾನುವಾರಗಳನ್ನು ತಿಂದಿತು.

ಅಂಥ ಒಂದು ಭಾನುವಾರ ಅತ್ತಿಗೆ ಬಂದಳು. ಅಪ್ಪನ ನಂತರ ಅಣ್ಣನೇ ಆ ದೇವಸ್ಥಾನದ ಪೂಜೆ ಮಾಡುತ್ತಾನೆ. ಅತ್ತಿಗೆ ದೇವರ ನೈವೇದ್ಯ ಬೇಯಿಸುತ್ತಾಳೆ, ಅಂಗಳ ಗುಡಿಸುತ್ತಾಳೆ, ಆಡಳಿತ ಮಂಡಳಿಯವರ ಅತಿಥಿಗಳು ಜೀಪಿನಲ್ಲಿ ಬಂದರೆ ಅವರಿಗೂ ಬಡಿಸುತ್ತಾಳೆ. ತಿಂಗಳಿಗೊಮ್ಮೆ ಪಟ್ಟಣಕ್ಕೆ ಬಂದಾಗ ನನ್ನಲ್ಲಿ ಊಟ ಮಾಡಿ, ಅರ್ಧ ಗಂಟೆ ಕಾಲು ಚಾಚಿ ಮಲಗುವುದು ಅವಳ ರಜೆ. ಆ ದಿನ ಮಲಗಲಿಲ್ಲ. ತೆರೆದ ಪೆಟ್ಟಿಗೆಯ ಮುಂದೆ ಕೂತು ವೈರಿನ ಬಣ್ಣ ಕೇಳಿದಳು. ಕನೆಕ್ಟರನ್ನು ತಿರುವಿ ಹಾಕಿದರೆ ಸುಡುತ್ತದೆ ಎಂದದ್ದಕ್ಕೆ ನನ್ನ ಮೇಜಿನ ಮೇಲಿದ್ದ ಕೆಂಪು ನೇಲ್ ಪಾಲಿಶ್ ತೆಗೆದು ಬೋರ್ಡಿಗೂ ಕನೆಕ್ಟರಿಗೂ ಒಂದೊಂದು ಬೊಟ್ಟು ಇಟ್ಟಳು. "ಬೊಟ್ಟಿಗೆ ಬೊಟ್ಟು ಸೇರಿಸು. ಆಯ್ತಲ್ಲ" ಎಂದಳು.

ಸಂಜೆಯೊಳಗೆ ಯಂತ್ರ ಎದ್ದು ಕೂತಿತು. ಅತ್ತಿಗೆ ಒಂದು ವಿಮಾನದ ಆಟ ಆಡಿದಳು, ಸತ್ತಳು, ಮತ್ತೆ ಆಡಿದಳು. ಅವಳು ಬಟನ್ ಒತ್ತುವಾಗ ಬಳೆಗಳು ಹಲಗೆಗೆ ಬಡಿದು ಸದ್ದಾಗುತ್ತಿತ್ತು. ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು ಮೂರನೆಯ ಸಲ ಶುರುಮಾಡಿದಳು. ಕೊನೆಯ ಬಸ್ಸು ತಪ್ಪಿತು. ಅಣ್ಣನಿಗೆ ಫೋನು ಮಾಡಿ, "ಇವತ್ತು ಇಲ್ಲೇ ಇರ್ತೇನೆ. ಹುಳಿ ಫ್ರಿಜ್ಜಲ್ಲಿ ಉಂಟು, ಅನ್ನ ಮಾಡ್ಕೊಳ್ಳಿ" ಎಂದಳು. ಆ ಮನೆಯಲ್ಲಿ ಅಣ್ಣ ಅನ್ನ ಮಾಡಿಕೊಂಡ ಮೊದಲ ರಾತ್ರಿ ಅದೇ ಇರಬೇಕು.

ಆಮೇಲೆ ಅವಳು ತಿಂಗಳಿಗೊಮ್ಮೆ ಅಲ್ಲ, ವಾರಕ್ಕೊಮ್ಮೆ ಬರತೊಡಗಿದಳು. ಒಮ್ಮೆ ಜಾಯ್‌ಸ್ಟಿಕ್ ಬಿಟ್ಟು ಹಿಂದೆ ವಾಲಿ ಹೇಳಿದಳು: "ಇದರಲ್ಲಿ ಎಲ್ಲ ಹೊಡಿಯೋದು, ಸುಡೋದು. ನನ್ನ ಜಗಳ ಯಾವುದೂ ಇದರಲ್ಲಿ ಇಲ್ಲ."

"ನಿನ್ನ ಜಗಳ ಯಾವುದು ಅತ್ತಿಗೆ?"

"ಮಂಗ," ಎಂದಳು ತಡಮಾಡದೆ.

ದೇವಸ್ಥಾನದ ಅಡಿಗೆಕೋಣೆಯಿಂದ ಗರ್ಭಗುಡಿಗೆ ಹೋಗಲು ಅಂಗಳ ದಾಟಬೇಕು. ನೈವೇದ್ಯದ ತಟ್ಟೆ ಹಿಡಿದು ಅತ್ತಿಗೆ ಅಂಗಳಕ್ಕೆ ಇಳಿಯುವುದನ್ನೇ ಹೆಂಚಿನ ಮಾಡಿನ ಮೇಲಿನ ಮಂಗಗಳು ಕಾಯುತ್ತವೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು, ಕಂಬಕ್ಕೆ ಬಡಿದು ಸದ್ದು ಮಾಡುತ್ತಾ ಅವಳು ದಿನಾ ಈ ದಾರಿ ದಾಟುತ್ತಾಳೆ. ಬಾಳೆಹಣ್ಣು ಹೋದ ದಿನಗಳಿವೆ, ಪಾಯಸ ಚೆಲ್ಲಿದ ದಿನಗಳಿವೆ, ಸೆರಗು ಹರಿದ ದಿನವೂ ಒಂದಿದೆ.

ಆ ಆಟವನ್ನು ನಾನು ಬರೆಯಲು ಕೂತೆ. ಬೇರೊಂದು ಕಾರಣವೂ ಇತ್ತು. ಇಂಥ ಬೋರ್ಡುಗಳಲ್ಲಿ ತುಂಬಿರುವ ಆಟಗಳೆಲ್ಲ ಎಲ್ಲೋ ಯಾರೋ ಕಷ್ಟಪಟ್ಟು ಮಾಡಿದ್ದು. ಅವರನ್ನು ಕೇಳಿ ತುಂಬಿದವರು ಯಾರೂ ಇಲ್ಲ. ಜೂಜಿನ ಆಟಗಳನ್ನೂ ಬಟ್ಟೆ ಬಿಚ್ಚುವ ಚಿತ್ರಗಳನ್ನೂ ನಾನು ಮೊದಲ ವಾರವೇ ಕಾರ್ಡಿನಿಂದ ಕಿತ್ತು ಹಾಕಿದ್ದೆ. ಈಗ ಆ ಪಟ್ಟಿಯಲ್ಲಿ ನಮ್ಮದು ಎನ್ನುವಂಥದ್ದು ಒಂದಾದರೂ ಇರಲಿ ಅನ್ನಿಸಿತು.

ಪ್ರೋಗ್ರಾಂ ನನ್ನದು, ಚಿತ್ರ ಅತ್ತಿಗೆಯದು. ಪರದೆಯ ಮೇಲಿನ ಚಿತ್ರವೆಂದರೆ ಸಣ್ಣ ಸಣ್ಣ ಚೌಕಗಳು, ಯಾವ ಚೌಕಕ್ಕೆ ಯಾವ ಬಣ್ಣ ಎಂದು ಹೇಳಿದರೆ ಸಾಕು ಎಂದು ವಿವರಿಸಿದೆ. "ಚುಕ್ಕಿ ರಂಗೋಲಿ" ಎಂದು ಅವಳು ಮುಂದಿನ ವಾರ ಗ್ರಾಫ್ ಹಾಳೆಯಲ್ಲಿ ಮಂಗಗಳನ್ನು ಬಿಡಿಸಿಕೊಂಡೇ ಬಂದಳು. ಓಡುವ ಮಂಗ, ನೇತಾಡುವ ಮಂಗ, ಮರಿ ಹೊತ್ತ ಮಂಗ. ಒಂದು ದೊಡ್ಡ ಗಂಡು ಮಂಗ, ಅದರ ಒಂದು ಕಿವಿ ಹರಿದಿತ್ತು. ಅಂಥ ಮಂಗ ನಿಜವಾಗಿಯೂ ಅಲ್ಲಿದೆ. ಹುಂಡಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತದೆ. ಅತ್ತಿಗೆ ಅದನ್ನು ಕುರ್ಚಿಯ ಸಮೇತ ಬಿಡಿಸಿದ್ದಳು. ಆ ಕುರ್ಚಿಯಲ್ಲಿ ಮಂಗ ಇಲ್ಲದಾಗ ಆಡಳಿತ ಮಂಡಳಿಯ ಅಧ್ಯಕ್ಷರು ಕೂರುತ್ತಾರೆ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು. ಮುಖ ಮುಖ ಮಾತ್ರ ನೋಡಿಕೊಂಡೆವು.

ಆಟದಲ್ಲಿ ಮಂಗಕ್ಕೆ ಯಾರೂ ಹೊಡೆಯುವುದಿಲ್ಲ. ತಟ್ಟೆ ಹಿಡಿದ ಹೆಂಗಸು ಅಂಗಳ ದಾಟಬೇಕು. ಬಟನ್ ಒತ್ತಿದರೆ ಸೌಟು ಕಂಬಕ್ಕೆ ಬಡಿಯುತ್ತದೆ, ಹತ್ತಿರ ಬಂದ ಮಂಗ ಹೆದರಿ ಮರ ಹತ್ತುತ್ತದೆ. ಕುರ್ಚಿಯ ಮಂಗ ಮಾತ್ರ ಸದ್ದಿಗೆ ಹೆದರುವುದಿಲ್ಲ, ಅದಕ್ಕೆ ಒಂದು ಬಾಳೆಹಣ್ಣು ಕೊಟ್ಟೇ ಮುಂದೆ ಹೋಗಬೇಕು. ಅದು ಅತ್ತಿಗೆಯ ನಿಯಮ. ನಾನು ಬೇಡವೆಂದೆ, ಆಟ ಕಷ್ಟವಾಗುತ್ತದೆ ಎಂದೆ. "ನಿಜ ಹೇಗುಂಟೋ ಹಾಗೇ ಇರ್ಲಿ" ಎಂದಳು. ಸೌಟಿನ ಸದ್ದನ್ನು ನನ್ನ ಫೋನಿನಲ್ಲಿ ದೇವಸ್ಥಾನದ ಕಂಬದ ಬಳಿಯೇ ಹಿಡಿದೆವು.

ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿ, ಬೋರ್ಡಿನಲ್ಲಿ ಕುಂಟಿತು. ಮಂಗಗಳು ಮೂರಕ್ಕಿಂತ ಹೆಚ್ಚಾದರೆ ಎಲ್ಲವೂ ಕನಸಿನಲ್ಲಿ ನಡೆಯುವ ಹಾಗೆ ನಿಧಾನ. ಪ್ರತಿ ಸಲವೂ ಇಡೀ ಅಂಗಳವನ್ನು ಹೊಸದಾಗಿ ಬಿಡಿಸುತ್ತಿದ್ದೆ, ಅದು ನನ್ನ ತಪ್ಪು. ಅಲುಗಾಡಿದ್ದನ್ನು ಮಾತ್ರ ಬಿಡಿಸುವ ಹಾಗೆ ತಿದ್ದಿದೆ, ಮಂಗಗಳಿಗೆ ಜೀವ ಬಂತು. ಕನ್ನಡ ಅಕ್ಷರ ಇನ್ನೊಂದು ತಲೆನೋವು. ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ಬಿದ್ದಿರುತ್ತಿದ್ದವು. ಕೊನೆಗೆ ಅಕ್ಷರಗಳನ್ನೂ ಚಿತ್ರವಾಗಿಯೇ ಹಾಕಿದೆವು. ಯಂತ್ರದ ಸ್ವಿಚ್ ಹಾಕಿದ ಕೂಡಲೇ ಪರದೆಯ ಮೇಲೆ ಅತ್ತಿಗೆಯ ದುಂಡು ಕೈಬರಹದಲ್ಲಿ "ನೈವೇದ್ಯಕ್ಕೆ ದಾರಿ ಬಿಡಿ" ಎಂದು ಮೂಡುತ್ತಿತ್ತು. ಮೊದಲ ಸಲ ನೋಡಿದಾಗ ಅವಳು ಕುರ್ಚಿಯಿಂದ ಎದ್ದು ನಿಂತಳು. ಅಡಿಗೆಮನೆಗೆ ಹೋಗಿ ನೀರು ಕುಡಿದು ಬಂದಳು.

ಪಕ್ಕದ ಮನೆಯ ಹೆಂಗಸು ಒಬ್ಬರು ಅತ್ತಿಗೆ ಆಡುವುದನ್ನು ಮೆಚ್ಚಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಮೆಚ್ಚಿದ್ದಕ್ಕೇ ತಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಅದು ಎಲ್ಲೆಲ್ಲಿ ಹೋಯಿತೋ, ಒಂದು ವಾರದೊಳಗೆ ದೇವಸ್ಥಾನದ ಗುಂಪಿಗೆ ಬಂದು ಮುಟ್ಟಿತು. ಅಷ್ಟು ಹೊತ್ತಿಗೆ ಜೊತೆಗೆ ಮಾತೂ ಸೇರಿತ್ತು. ಭಟ್ಟರ ತಂಗಿ ಮನೆಯಲ್ಲಿ ಜೂಜಿನ ಮಿಷನ್ ಇಟ್ಟಿದ್ದಾಳಂತೆ, ಭಟ್ಟರ ಹೆಂಡತಿ ದೇವಸ್ಥಾನವನ್ನೇ ಆಟ ಮಾಡಿದ್ದಾಳಂತೆ, ಆಂಜನೇಯನನ್ನು ಹೊಡೆದು ಓಡಿಸುತ್ತಾರಂತೆ.

ಅಣ್ಣ ನನಗೆ ಫೋನು ಮಾಡಿದ. ಅವನು ಜೋರಾಗಿ ಮಾತಾಡುವವನಲ್ಲ. "ಅದನ್ನೊಂದು ತೆಗೆದುಬಿಡು" ಎಂದ.

"ಯಾವುದನ್ನು?"

"ಅದನ್ನೇ. ಪೆಟ್ಟಿಗೆಯನ್ನ. ಅಲ್ಲದಿದ್ರೆ ಆ ಮಂಗನ ಆಟವನ್ನಾದರೂ. ನನಗೆ ದಿನಾ ಅವರ ಮುಖ ನೋಡ್ಬೇಕಲ್ಲ."

"ನೀನು ನೋಡಿದ್ದೀಯಾ ಆಟ?"

"ನನಗೆಂತಕ್ಕೆ ಅದು?"

"ಹಾಗಾದ್ರೆ ನೋಡದವರ ಮಾತಿಗೆ ನಾನ್ಯಾಕೆ ತೆಗೀಲಿ?" ಎಂದು ಫೋನಿಟ್ಟೆ. ಅಣ್ಣನಿಗೆ ಹಾಗೆ ಎದುರಾಡಿದವಳಲ್ಲ ನಾನು.

ಮುಂದಿನ ಭಾನುವಾರ ಬೆಳಗಿನ ಮಂಗಳಾರತಿ ಮುಗಿದಮೇಲೆ ಮಾತಾಡಲು ಬರಬೇಕೆಂದು ಮಂಡಳಿ ಅಣ್ಣನಿಗೆ ಹೇಳಿ ಕಳಿಸಿತು. ಕರೆದದ್ದು ಅಣ್ಣನೊಬ್ಬನನ್ನು. ಹೋದದ್ದು ಮೂವರು. ನಾನು ಮೊದಲ ಬಸ್ಸಿನಲ್ಲೇ ಹಳ್ಳಿಗೆ ಹೋಗಿದ್ದೆ. ದೇವಸ್ಥಾನದ ಆಫೀಸಿನಲ್ಲಿ ಅಧ್ಯಕ್ಷರು, ಇನ್ನೂ ನಾಲ್ಕೈದು ಮಂದಿ ಕೂತಿದ್ದರು. ಅಧ್ಯಕ್ಷರು ಒಂದು ಎಸ್ಟೇಟಿನ ಯಜಮಾನರು, ಮಾತು ಯಾವಾಗಲೂ ಮೆತ್ತಗೆ. ಹೆಂಗಸರು ಬಂದದ್ದನ್ನು ನೋಡಿ ಅಲ್ಲಿದ್ದವರೊಬ್ಬರು, "ಭಟ್ರ ಹತ್ರ ಮಾತಾಡ್ಲಿಕ್ಕೆ ಅಲ್ವಾ ಕರೆದದ್ದು?" ಎಂದರು. ಅತ್ತಿಗೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು. ನಾನೂ ಕೂತೆ.

"ಟೀಚರ್, ನಿಮ್ಮ ಮನೇಲಿ ಜೂಜಿನ ಮಿಷನ್ ಉಂಟು ಅಂತ ಕೇಳಿದೆ," ಎಂದು ಅಧ್ಯಕ್ಷರು ಶುರುಮಾಡಿದರು.

"ದುಡ್ಡು ಹಾಕುವ ತೂತೇ ಇಲ್ಲ ಸರ್ ಅದರಲ್ಲಿ. ಬೋರ್ಡಿನ ಜೊತೆ ಜೂಜಿನ ಆಟ ಬಂದಿತ್ತು. ನಾನೇ ತೆಗೆದೆ."

"ಒಳ್ಳೆದಾಯ್ತು. ಹೀಗೆ ಹೇಳಿದ್ದನ್ನು ಕೇಳಿದ್ರೆ..."

"ಯಾರೂ ಹೇಳಿ ತೆಗೆದದ್ದಲ್ಲ," ಎಂದೆ. "ನನಗೆ ಬೇಡ ಅನ್ನಿಸಿತು, ತೆಗೆದೆ. ಬೇಕು ಅನ್ನಿಸಿದ್ದನ್ನು ಇಟ್ಟಿದ್ದೇನೆ."

ಅವರು ಅಣ್ಣನ ಕಡೆಗೆ ತಿರುಗಿದರು. "ಭಟ್ರೇ, ಅದು ಹೋಗ್ಲಿ. ಆಂಜನೇಯನನ್ನು ಓಡಿಸೋ ಆಟ ಅಂದ್ರೆ ಜನಕ್ಕೆ ಬೇಜಾರಾಗ್ತದೆ."

ಉತ್ತರ ಕೊಟ್ಟದ್ದು ಅತ್ತಿಗೆ. "ದಿನಾ ಬೆಳಿಗ್ಗೆ ನಾನು ಓಡಿಸ್ತೇನೆ. ಓಡಿಸದಿದ್ರೆ ದೇವರಿಗೆ ಖಾಲಿ ತಟ್ಟೆ ಹೋಗ್ತದೆ. ಹೋದ ತಿಂಗಳು ನೀವೇ ಪಟಾಕಿ ತರಿಸಿ ಮಾಡಿನ ಮೇಲೆ ಹೊಡೆಸಿದ್ರಿ. ಒಂದು ಮರಿ ಬಿದ್ದು ಕಾಲು ಮುರ್ಕೊಂಡಿತ್ತು. ಆವಾಗ ಅದು ಮಂಗ. ಈಗ ಮಿಷನಿನ ಒಳಗೆ ಹೋದ ಮೇಲೆ ಆಂಜನೇಯನಾ?"

ಒಬ್ಬರು ಕೆಮ್ಮಿದರು. ಅಧ್ಯಕ್ಷರು ಮೆತ್ತಗೆ, "ಅಮ್ಮ, ಆ ಕುರ್ಚಿ ಎಂತಕ್ಕೆ ಹಾಕಿದ್ದು?" ಎಂದರು. ಅಲ್ಲಿಗೆ ನಿಜವಾದ ನೋವು ಹೊರಬಂತು.

"ಮಂಗ ಅದರಲ್ಲಿ ಕೂರ್ತದಲ್ಲ," ಎಂದಳು ಅತ್ತಿಗೆ.

ಕೊನೆಗೆ ಅವರು ತೀರ್ಮಾನ ಹೇಳಿದರು. ಆಟವನ್ನು ಅಳಿಸಬೇಕು, ಭಟ್ಟರು ದೇವರ ಮುಂದೆ ನಿಂತು ಹತ್ತು ಜನರಿಗೆ ಕೇಳುವ ಹಾಗೆ ತಪ್ಪುಕಾಣಿಕೆ ಹಾಕಬೇಕು. ಅಷ್ಟಕ್ಕೆ ಮುಗಿಸೋಣ ಎಂದರು. ಎಲ್ಲರೂ ಅಣ್ಣನನ್ನು ನೋಡಿದರು. ನಾನೂ ನೋಡಿದೆ. ಅವನು ಒಪ್ಪುತ್ತಾನೆಂದೇ ನಾನು ತಿಳಿದಿದ್ದೆ. ಮನಸ್ಸಿನಲ್ಲಿ ಅವನ ಮೇಲೆ ಸಿಟ್ಟಾಗಲು ತಯಾರಿ ಮಾಡಿಕೊಂಡಿದ್ದೆ.

ಅಣ್ಣ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ. "ತಪ್ಪುಕಾಣಿಕೆಗೆ ಸಂಕಲ್ಪ ಮಾಡ್ಸೋದು ನಾನೇ," ಎಂದ. "ಯಾವ ತಪ್ಪಿಗೆ ಅಂತ ಸಂಕಲ್ಪದಲ್ಲಿ ಹೇಳ್ಬೇಕಾಗ್ತದೆ. ಎಂತ ಹೇಳ್ಲಿ? ನೈವೇದ್ಯ ಕಾದ ತಪ್ಪಿಗೆ ಅಂತಲಾ?"

"ಅದು ನಿಮಗೆ ಗೊತ್ತು ಭಟ್ರೇ."

"ನನಗೆ ಗೊತ್ತಾಗ್ತಾ ಇಲ್ಲ. ನಿಮಗೆ ಗೊತ್ತಾದ್ರೆ ಹೇಳಿ. ನೀವು ಹೇಳಿದ ಹಾಗೇ ದೇವರಿಗೆ ಹೇಳ್ತೇನೆ."

ಕುರ್ಚಿಯ ತಪ್ಪಿಗೆ ಎಂದು ಯಾರು ಬಾಯಿಬಿಟ್ಟು ಹೇಳುತ್ತಾರೆ? ನೋಡೋಣ, ಯೋಚನೆ ಮಾಡಿ ಎಂದು ಎದ್ದರು. ಹೊರಗೆ ಬಂದಮೇಲೆ ಅಣ್ಣ ನಮ್ಮಿಬ್ಬರನ್ನೂ ನೋಡದೆ, "ನನಗೆ ಆ ಪೆಟ್ಟಿಗೆ ಈಗಲೂ ಸರಿ ಕಾಣೋದಿಲ್ಲ" ಎಂದು ಹೇಳಿ ಗರ್ಭಗುಡಿಯ ಕಡೆಗೆ ನಡೆದ.

ಅತ್ತಿಗೆ ನನ್ನ ಕೈ ಹಿಡಿದಳು. "ಅದನ್ನು ನಮ್ಮನೆಗೆ ತರ್ಸು ಮಾರಾಯ್ತಿ. ಇದ್ರೆ ಇಲ್ಲೇ ಇರ್ಲಿ. ಪಟ್ಟಣದಲ್ಲಿ ಅಡಗಿಸಿಟ್ಟ ಹಾಗೆ ಎಂತಕ್ಕೆ?"

ಪಿಕಪ್ ಬಾಡಿಗೆಗೆ ತೆಗೆದುಕೊಂಡೆವು. ಬೋರ್ಡನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ ನಾನು ಮಡಿಲಲ್ಲಿ ಇಟ್ಟುಕೊಂಡೆ. ಡ್ರೈವರ್ ಪೆಟ್ಟಿಗೆಯ ಮೇಲೆ ಟಾರ್ಪಾಲು ಎಳೆಯಲು ಹೋದಾಗ, ಪೆಟ್ಟಿಗೆ ಒಯ್ಯಲೆಂದೇ ಪಟ್ಟಣಕ್ಕೆ ಬಂದಿದ್ದ ಅತ್ತಿಗೆ ತಡೆದಳು. "ಮುಚ್ಚಬೇಡಿ. ಬಿಸಿಲುಂಟು." ಪೆಟ್ಟಿಗೆ ನಿಂತುಕೊಂಡೇ ಸವಾರಿ ಹೊರಟಿತು, ಎರಡು ಜಾಯ್‌ಸ್ಟಿಕ್ಕುಗಳು ಕೊಂಬಿನ ಹಾಗೆ ಮುಂದೆ ಚಾಚಿಕೊಂಡು. ಊರಿನ ಬಸ್‌ಸ್ಟಾಪು, ಹಾಲಿನ ಡೈರಿ, ರೇಷನ್ ಅಂಗಡಿಯ ಸಾಲು, ದೇವಸ್ಥಾನದ ದ್ವಾರ ಎಲ್ಲವನ್ನೂ ನಿಧಾನವಾಗಿ ದಾಟಿದೆವು. ನಿಧಾನವಾಗಿ ಹೋಗಲು ಡ್ರೈವರಿಗೆ ಹೇಳಿದ್ದು ನಾನು. ಜನ ನೋಡಿದರು. ಅತ್ತಿಗೆ ಕಿಟಕಿಯ ಗಾಜು ಇಳಿಸಿ, ಗುರುತಿನವರಿಗೆಲ್ಲ, "ಮನೆ ಕಡೆ ಬನ್ನಿ" ಎನ್ನುತ್ತಾ ಬಂದಳು.

ಜಾತಕ ತೋರಿಸಲು, ಪೂಜೆಯ ದಿನ ಗೊತ್ತುಮಾಡಲು ಬರುವವರು ಕೂರುವ ಹೊರಕೋಣೆಯಲ್ಲೇ ಪೆಟ್ಟಿಗೆಯನ್ನು ಇಟ್ಟೆವು. ಬೊಟ್ಟಿಗೆ ಬೊಟ್ಟು ಸೇರಿಸಿ ಸ್ವಿಚ್ ಹಾಕಿದೆ.

ಇದಕ್ಕೆ ಬೆಲೆ ತೆರಬೇಕಾಯಿತು, ಇಲ್ಲವೆನ್ನುವುದಿಲ್ಲ. ಮಂಡಳಿಯವರು ಸಂಜೆಯ ಪೂಜೆಗೆ ಹೊರಗಿನಿಂದ ಬೇರೊಬ್ಬರನ್ನು ಕರೆಸಿದರು. ಕಾರಣ ಹೇಳಲಿಲ್ಲ, ಭಟ್ಟರಿಗೆ ಆಯಾಸವಾಗದಿರಲಿ ಎಂದರು. ಅಣ್ಣ ಸಂಜೆಗಳಲ್ಲಿ ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದ. ಅದನ್ನು ನೋಡಲಾಗದೆ, ಪೆಟ್ಟಿಗೆಯನ್ನು ವಾಪಸ್ ಒಯ್ಯುತ್ತೇನೆ ಎಂದು ಅತ್ತಿಗೆಗೆ ಒಮ್ಮೆ ಹೇಳಿಯೂ ಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಒಯ್ದರೆ ನಾಳೆ ಇನ್ನೊಂದು ಬೇಡ ಅಂತಾರೆ, ನಾಡಿದ್ದು ನೀನೇ ಬರೋದು ಬೇಡ ಅಂತಾರೆ" ಎಂದಳು.

ಅವಳು ಮಾಡಿದ್ದು ಒಂದೇ ಕೆಲಸ. ಮುಂದಿನ ಸಲ ಮಂಡಳಿಯ ಅತಿಥಿಗಳಿಗೆ ಊಟ ಆಗಬೇಕೆಂದು ಹೇಳಿಕಳಿಸಿದಾಗ, ಆಗುವುದಿಲ್ಲ ಎಂದಳು. ಬಂದವರು ನಂಬಲಾರದೆ ಮತ್ತೊಮ್ಮೆ ಕೇಳಿದರು. "ದೇವರಿಗೆ ಮಾಡ್ತೇನೆ. ಅದು ನಿಲ್ಲೋದಿಲ್ಲ. ಜೀಪಲ್ಲಿ ಬಂದವರಿಗೆ ಇಷ್ಟು ವರ್ಷ ಮಾಡಿದ್ದು ನನ್ನ ಮನಸ್ಸಿಂದ. ಈಗ ಮನಸ್ಸಿಲ್ಲ." ಅತಿಥಿಗಳು ಮಡಿಕೇರಿಯ ಹೋಟೆಲಿಗೆ ಹೋಗಿ ಉಂಡರು. ಆಮೇಲೆ ಬಂದವರೂ ಅಲ್ಲೇ ಉಂಡರು. ಅತ್ತಿಗೆಯ ಪತ್ರೊಡೆ, ಎಳೆಬಿದಿರಿನ ಕಣಿಲೆ ಪಲ್ಯಕ್ಕೆಂದೇ ಆ ದೇವರಿಗೆ ನಡೆದುಕೊಳ್ಳುತ್ತಿದ್ದ ಕೆಲವು ಭಕ್ತರು ಆ ಅತಿಥಿಗಳಲ್ಲಿದ್ದರು ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಹೊರಗಿನಿಂದ ಬಂದ ಅರ್ಚಕರಿಗೆ ಇಲ್ಲಿನ ಚಳಿ ಹಿಡಿಸಲಿಲ್ಲ. ಬೇಸಿಗೆಗೆ ಮುಂಚೆಯೇ ಊರಿಗೆ ಹೋಗಿ ವಾಪಸ್ ಬರಲಿಲ್ಲ. ಒಂದು ಸಂಜೆ ಮಂಡಳಿಯ ಕಡೆಯವರೊಬ್ಬರು ಬಂದು, "ಇವತ್ತಿಂದ ನೀವೇ ನೋಡ್ಕೊಳ್ಳಿ ಭಟ್ರೇ" ಎಂದರು, ನಡುವೆ ಏನೂ ಆಗದವರ ಹಾಗೆ. ಅಣ್ಣ ಮಡಿ ಉಟ್ಟು ಹೊರಟ. ಯಾರೂ ಕ್ಷಮೆ ಕೇಳಲಿಲ್ಲ, ನಾವೂ ಕೇಳಲಿಲ್ಲ. ಅತಿಥಿಗಳ ಅಡಿಗೆ ಮಾತ್ರ ಮತ್ತೆ ಶುರುವಾಗಲಿಲ್ಲ. ಅದು ಅತ್ತಿಗೆಗೆ ಸಿಕ್ಕ ಲಾಭ, ಅವಳಿಗೆ ಈಗ ಮಧ್ಯಾಹ್ನಗಳಿವೆ.

ಆ ಮಧ್ಯಾಹ್ನಗಳಲ್ಲಿ ಹೊರಕೋಣೆಗೆ ಹೆಂಗಸರು ಬರುತ್ತಾರೆ. ಅಂಗನವಾಡಿಯ ಟೀಚರು, ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ, ಕಾಫಿ ಪಿಕ್ಕಿಂಗ್ ಇಲ್ಲದ ದಿನ ಕೂಲಿಯವರ ಲೈನ್‌ಮನೆಗಳಿಂದ ಇಬ್ಬರು ತಮಿಳು ಅಕ್ಕತಂಗಿಯರು. ಅವರಲ್ಲಿ ತಂಗಿ ಬಹಳ ಚುರುಕು, ಅತ್ತಿಗೆಯನ್ನೇ ಸೋಲಿಸುತ್ತಾಳೆ. ಸೋತರೆ ಅತ್ತಿಗೆ ಮುಖ ಊದಿಸಿಕೊಂಡು ಕಾಫಿಗೆ ಸಕ್ಕರೆ ಕಮ್ಮಿ ಹಾಕುತ್ತಾಳೆ. ರೈಟರ ಹೆಂಡತಿ ತನ್ನ ಮನೆಗೂ ಒಂದು ಬೇಕೆಂದಳು. ಅವಳ ಗಂಡ ನನ್ನನ್ನು ಕಂಡು, ಅವಳು ಏನೇನೋ ಹೇಳುತ್ತಾಳೆ, ತಲೆಗೆ ಹಚ್ಚಿಕೊಳ್ಳಬೇಡಿ ಎಂದ. ನಾನು ಅವಳ ಹತ್ತಿರವೇ ಗೋಡೆಯ ಅಳತೆ ಕೇಳಿ ಆಚಾರಿಗೆ ಕೊಟ್ಟಿದ್ದೇನೆ. ಅವಳಿಗೆ ಬೇಕಾದದ್ದು ಆನೆಯ ಆಟ. ತೋಟಕ್ಕೆ ಆನೆ ನುಗ್ಗಿದಾಗ ಎಸ್ಟೇಟಿನ ಗಂಡಸರೆಲ್ಲ ಅಟ್ಟ ಹತ್ತಿದರೆ, ಕೆಳಗೆ ನಿಂತು ಆನೆಯನ್ನು ತಿರುಗಿಸಿ ಕಳಿಸುವ ಹೆಂಗಸಿನ ಆಟ. ಇದು ನಡೆದದ್ದೋ, ಅವಳ ಆಸೆಯೋ ಎಂದು ನಾನು ಕೇಳಿಲ್ಲ.

ಅಣ್ಣ ಇವತ್ತಿನವರೆಗೆ ಜಾಯ್‌ಸ್ಟಿಕ್ ಮುಟ್ಟಿಲ್ಲ. ಹೋದ ತಿಂಗಳು ನಾನು ಹೋಗಿದ್ದಾಗ ಊಟಕ್ಕೆ ಕೂತಲ್ಲಿ ತಟ್ಟೆ ನೋಡುತ್ತಾ ಕೇಳಿದ: "ಸಂಧ್ಯಾವಂದನೆ ಹೊತ್ತಲ್ಲಿ ಅದರ ಸದ್ದು ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?"

ಆಗುತ್ತದೆ ಎಂದೆ. ಊಟವಾದ ಮೇಲೆ ಪೆಟ್ಟಿಗೆಯ ಹಿಂಬದಿ ಬಿಚ್ಚಿ, ಸ್ಪೀಕರಿನ ವೈರಿಗೆ ಸದ್ದು ಏರಿಸಿ ಇಳಿಸುವ ಒಂದು ತಿರುಪು ಗುಂಡಿ ಸೇರಿಸಿ, ಬಟನ್‌ಗಳ ಪಕ್ಕದಲ್ಲಿ ಕೈಗೆ ಸಿಗುವ ಹಾಗೆ ಕೂರಿಸಿದೆ. ಅತ್ತಿಗೆ ತಿರುಗಿಸಿ ನೋಡಿದಳು. ಸಂಜೆಯಾದಾಗ ಅಣ್ಣ ಒಳಗೆ ಆಚಮನ ಮಾಡಿ ಕೂತ, ಅವಳು ಹೊರಗೆ ಸದ್ದನ್ನು ಪೂರ್ತಿ ಇಳಿಸಿದಳು. ಆಟ ನಿಲ್ಲಿಸಲಿಲ್ಲ.